ಕೂಡಿಗೆಗೆ ಪುಟ್ಟ ವಿಮಾನ ನಿಲ್ದಾಣ ಬೇಕಾ?

ಪರ

ಕೊಡಗಿಗೆ ರೈಲಿಲ್ಲ. ಬಸ್ಸು, ಜೀಪು, ಕಾರು, ಅಷ್ಟೇ. ಕುಶಾಲನಗರದ ಪಕ್ಕ ಕೂಡಿಗೆಯಲ್ಲಿ ಸಣ್ಣ ವಿಮಾನಗಳಿಗೊಂದು ರನ್‌ವೇ ಮಾಡುವ ಮಾತು ಬಂದಾಗ "ಯಾರಿಗೆ, ರೆಸಾರ್ಟಿನವರಿಗಾ?" ಅಂತ ನಗುವವರೇ ಜಾಸ್ತಿ. ನಾನೂ ನಕ್ಕಿದ್ದೆ.

ಆಮೇಲೆ ಚಿಕ್ಕಪ್ಪನಿಗೆ ಎದೆನೋವು ಬಂತು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಕುಶಾಲನಗರಕ್ಕಿಂತ ಮೊದಲು ಸಿಗುವ ಆನೆಕಾಡು ಎಂಬ ಕಾಡಿನ ದಾರಿಯಲ್ಲಿ ಆಂಬುಲೆನ್ಸ್ ಮುಂದೆ ಮರ ತುಂಬಿದ ಲಾರಿ. ಓವರ್‌ಟೇಕ್ ಮಾಡಲು ಜಾಗವಿಲ್ಲ. ಸೈರನ್ ಕೂಗುತ್ತಲೇ ಇತ್ತು. ನಾನು ಆಕ್ಸಿಜನ್ ಸಿಲಿಂಡರಿನ ಮುಳ್ಳನ್ನೇ ನೋಡುತ್ತಾ ಕೂತಿದ್ದೆ. ಅದು ಕೂದಲಷ್ಟು ಕೆಳಗೆ ಸರಿದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಚಿಕ್ಕಪ್ಪ ಉಳಿದರು, ಅದು ಪುಣ್ಯ.

ಬೋಯಿಂಗ್ ಇಳಿಯಲಿ ಅಂತ ಯಾರೂ ಕೇಳುತ್ತಿಲ್ಲ. ಒಂದು ಕಿಲೋಮೀಟರ್ ಟಾರು ಇದ್ದರೆ ಸೆಸ್ನಾ ಕ್ಯಾರವಾನ್‌ನಂಥ ವಿಮಾನ ಇಳಿಯುತ್ತದೆ. ಸ್ಟ್ರೆಚರ್ ಇಡಲೂ ಅದರಲ್ಲಿ ಜಾಗವಿದೆ. ಗುಡ್ಡಗಳ ನಡುವೆ ಸಮತಟ್ಟು ನೆಲ ಸಿಗುವುದೇ ಕಷ್ಟ, ಕೂಡಿಗೆಯಲ್ಲಿ ಅದಿದೆ. ಮಡಿಕೇರಿಯಷ್ಟು ಮಳೆಯಿಲ್ಲ, ಮಂಜೂ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಜೋಡುಪಾಲದ ಹತ್ತಿರ ಹಾಳಾಯಿತಲ್ಲ, ಆಗ ಇಂಥದ್ದೊಂದು ಜಾಗ ಇದ್ದಿದ್ದರೆ ಔಷಧಿ, ಅಕ್ಕಿ ತಂದು ಇಳಿಸಲಾದರೂ ಆಗುತ್ತಿತ್ತು.

ವಿರೋಧ

ಚಿಕ್ಕಪ್ಪನ ಕಥೆಗೆ ಎದುರು ಮಾತಾಡುವುದು ಕಷ್ಟ. ಆದರೂ ಕೇಳುತ್ತೇನೆ, ಆ ಆಂಬುಲೆನ್ಸ್ ಸಿಕ್ಕಿಹಾಕಿಕೊಂಡದ್ದು ಎಲ್ಲಿ? ಆನೆಕಾಡಿನಲ್ಲಿ. ಮಡಿಕೇರಿಯಿಂದ ಕೂಡಿಗೆಗೆ ಬರಬೇಕಾದರೂ ಅದೇ ಆನೆಕಾಡು, ಅದೇ ಲಾರಿ! ಬಂದ ಮೇಲಾದರೂ ವಿಮಾನ ಬಾಗಿಲು ತೆರೆದು ನಿಂತಿರುತ್ತದಾ? ಬೆಂಗಳೂರಿಗೆ ಫೋನ್ ಮಾಡಬೇಕು, ಪೈಲಟ್ ಸಿಗಬೇಕು, ಡಾಕ್ಟರು ಹತ್ತಬೇಕು. ಅಷ್ಟರಲ್ಲಿ ಆಂಬುಲೆನ್ಸ್ ಹುಣಸೂರು ದಾಟಿರುತ್ತದೆ.

ರಾತ್ರಿಯಾದರೆ ಅದೂ ಇಲ್ಲ. ಇಂಥ ಸಣ್ಣ ರನ್‌ವೇಗಳಲ್ಲಿ ಪೈಲಟ್ ಕಣ್ಣಿಂದ ನೋಡಿಕೊಂಡೇ ಇಳಿಸಬೇಕು. ನಮ್ಮ ದೇಶದಲ್ಲಿ ಹಾಗೆ ಹಾರಲು ಹಗಲಾಗಿರಬೇಕು, 5 ಕಿ.ಮೀ. ದೂರ ಕಾಣುತ್ತಿರಬೇಕು. ಕೂಡಿಗೆಯಲ್ಲಿ ಮಳೆ ಕಮ್ಮಿ, ಒಪ್ಪಿದೆ. ಆದರೆ ಗುಡ್ಡ ಕುಸಿಯುವುದು ಎಂಥ ದಿನಗಳಲ್ಲಿ? 2018ರಲ್ಲಿ ಹೆಲಿಕಾಪ್ಟರ್‌ಗಳಿಗೇ ಮೋಡ ದಾರಿ ಬಿಡಲಿಲ್ಲ.

ಇನ್ನು ನೆಲ. ಒಂದು ಕಿಲೋಮೀಟರ್ ಉದ್ದ, 200 ಮೀಟರ್ ಅಗಲ ಅಂದರೆ ಹತ್ತಿರ ಹತ್ತಿರ 50 ಎಕರೆ. ಅಲ್ಲಿಗೇ ಮುಗಿಯುವುದಿಲ್ಲ, ಆಚೀಚೆ ಮನೆ ಎಷ್ಟು ಎತ್ತರ ಕಟ್ಟಬಹುದು, ಮರ ಎಷ್ಟು ಬೆಳೆಯಬಹುದು ಎಂಬುದಕ್ಕೂ ನಿಯಮ ಬರುತ್ತದೆ. ವಿಮಾನ ಹತ್ತಲೇಬೇಕು ಅನ್ನುವವರಿಗೆ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಇದೆ. ವಿರಾಜಪೇಟೆಯವರು ಮಾಕುಟ್ಟ ಘಾಟಿ ಇಳಿದರೆ ಕೇರಳದ ಕಣ್ಣೂರು ನಿಲ್ದಾಣ, 2018ರ ಡಿಸೆಂಬರಿನಿಂದಲೇ ಇದೆ.

ಮಡಿಕೇರಿಯಲ್ಲೇ ರಾತ್ರಿ ಎರಡು ಗಂಟೆಗೂ ಹೃದಯದ ಡಾಕ್ಟರು ಸಿಗುವ ಹಾಗೆ ಮಾಡಿ. ಆಸ್ಪತ್ರೆ ಹತ್ತಿರ ಹೆಲಿಪ್ಯಾಡ್ ಬೇಕಾ, ಅದನ್ನೂ ಮಾಡಿ. ಅದಕ್ಕೆ 50 ಎಕರೆ ಬೇಡ.