ಡಿಸ್ಕು ಬರಲಿಲ್ಲ, ಬ್ಯಾಕಪ್ ನಿಲ್ಲಲಿಲ್ಲ

ವಿಂಡೋಸ್‌ನಲ್ಲಿ ಪೆನ್‌ಡ್ರೈವ್ ಚುಚ್ಚಿದರೆ ಇ ಎಂದೋ ಎಫ್ ಎಂದೋ ಒಂದು ಅಕ್ಷರ ಮೂಡಿ, ಅತಿಥಿ ಬಂದಿರುವುದನ್ನು ಸಾರುತ್ತದೆ. ಲಿನಕ್ಸ್‌ನಲ್ಲಿ ಈ ಆಡಂಬರವಿಲ್ಲ. ಹೊಸ ಡಿಸ್ಕನ್ನು ಯಾವುದಾದರೊಂದು ಫೋಲ್ಡರಿನ ಮೇಲೆ ಮೌಂಟ್ ಮಾಡಬೇಕು, ಅಂದರೆ ಜೋಡಿಸಬೇಕು; ಆಮೇಲೆ ಆ ಫೋಲ್ಡರಿನಲ್ಲಿ ಕಾಣುವುದು ಡಿಸ್ಕಿನ ಕಡತಗಳೇ. ಆದರೆ ಡಿಸ್ಕು ಬಾರದಿದ್ದರೂ ಆ ಫೋಲ್ಡರು ಅಲ್ಲೇ ಇದ್ದು, ಕೊಟ್ಟದ್ದನ್ನೆಲ್ಲ ತುಟಿ ಪಿಟಕ್ಕೆನ್ನದೆ ನುಂಗುತ್ತದೆ.

ನಮ್ಮ ಕಚೇರಿಯಲ್ಲಿ ಆದದ್ದು ಇದೇ. ಕರೆಂಟು ಹೋಗಿ ಬಂದಾಗ ಬ್ಯಾಕಪ್ ಡಿಸ್ಕು ಮೇಲೇಳಲಿಲ್ಲ. ಯಾವ ಡಿಸ್ಕು ಎಲ್ಲಿ ಕೂರಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ 'ನೋಫೇಲ್' (ಬಾರದಿದ್ದರೂ ನಿಲ್ಲಬೇಡ) ಎಂದು ಬರೆದಿದ್ದುದರಿಂದ ಸರ್ವರು ಅದರ ಗೊಡವೆಗೆ ಹೋಗದೆ ಚಾಲೂ ಆಯಿತು. ರಾತ್ರಿಯ ಬ್ಯಾಕಪ್ ಎಂದಿನಂತೆ ಓಡಿ, ಎಂದಿನಂತೆ 'ಯಶಸ್ವಿ' ಎಂದು ಮೇಲ್ ಕಳಿಸಿ, ಯಾವ ಡಿಸ್ಕು ಕೆಟ್ಟೀತೆಂದು ನಾವು ಹೆದರಿದ್ದೆವೋ ಅದೇ ರೂಟ್ ಡಿಸ್ಕಿನ (ಸರ್ವರಿನ ಮೂಲ ಡಿಸ್ಕಿನ) ಮೇಲೆ ನಕಲನ್ನು ಸುರಿಯುತ್ತಾ ಹೋಯಿತು. ಅಷ್ಟರಲ್ಲಿ ಕರ್ತವ್ಯನಿಷ್ಠ ಸಹೋದ್ಯೋಗಿಯೊಬ್ಬರು ಮೇಲೇಳದ ಬ್ಯಾಕಪ್ ಡಿಸ್ಕನ್ನು ಗಮನಿಸಿ ಮೌಂಟ್ ಮಾಡಿದರು. ಸುರಿದ ರಾಶಿಯೆಲ್ಲ ಅದರಡಿಯಲ್ಲಿ ಮರೆಯಾಯಿತು. ಈಗ ಡಿಸ್ಕಿನ ಒಟ್ಟು ಬಳಕೆ ಹೇಳುವ 'ಡಿಎಫ್' ಆಜ್ಞೆ ರೂಟ್ ಡಿಸ್ಕು ನೂರಕ್ಕೆ ನೂರು ತುಂಬಿದೆ ಎಂದರೆ, 'ಡಿಯು' ಕಣ್ಣಿಗೆ ಕಾಣುವ ಫೋಲ್ಡರುಗಳನ್ನೆಲ್ಲ ಕೂಡಿ, ಅರ್ಧವೂ ತುಂಬಿಲ್ಲ ಎನ್ನತೊಡಗಿತು. ಎರಡೂ ಸುಳ್ಳು ಹೇಳುತ್ತಿರಲಿಲ್ಲ ಎಂಬುದೇ ತಮಾಷೆ. ವೈರಸ್ಸಿನ ಚರ್ಚೆ ಮುಗಿದು, ಹೊಸ ಡಿಸ್ಕಿಗೆ ಕೊಟೇಶನ್ ತರಿಸುವ ಹಂತದಲ್ಲಿ ಯಾರೋ ರೂಟನ್ನು ಬೇರೆಡೆಗೆ ಬೈಂಡ್ ಮೌಂಟ್ ಮಾಡಿದಾಗ, ಅಂದರೆ ಅದನ್ನೇ ಇನ್ನೊಂದು ಫೋಲ್ಡರಿನಲ್ಲೂ ಕಾಣುವಂತೆ ಮಾಡಿದಾಗ, ಅಡಗಿದ್ದ ಕಡತಗಳು ಒಂದೂ ಕಳೆಯದೆ ಎದುರಾದವು. ಖಾಲಿ ಫೋಲ್ಡರಿಗೆ ಮೊದಲೇ ಇಮ್ಯೂಟಬಲ್ (ಒಳಗೇನೂ ಬರೆಯಬಾರದೆಂಬ) ಗುರುತು ಹಾಕಿಟ್ಟಿದ್ದರೆ ಬ್ಯಾಕಪ್ ಮೊದಲ ರಾತ್ರಿಯೇ ಕಿರುಚಿಕೊಳ್ಳುತ್ತಿತ್ತು.

ಡಿಸ್ಕು ಜಾಲದಾಚೆ ಇದ್ದರೆ ಕಥೆಯೇ ಬೇರೆ. ದೂರದ ಕಂಪ್ಯೂಟರಿನ ಫೋಲ್ಡರನ್ನು ಇಲ್ಲಿ ಮೌಂಟ್ ಮಾಡಲೆಂದು ಸನ್ ಕಂಪನಿ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್‌ನಲ್ಲಿ ಸಾಮಾನ್ಯವಾಗಿ ಆಗುವುದು ಹಾರ್ಡ್ ಮೌಂಟ್: ಆಚೆಯ ಸರ್ವರು ಸತ್ತರೆ ಈಚೆಯ ಪ್ರೋಗ್ರಾಮು, ತಾಲ್ಲೂಕು ಕಚೇರಿಯಲ್ಲಿ ಸಾಹೇಬರಿಗಾಗಿ ಕೂತವರ ಹಾಗೆ, ಕಾಯುತ್ತಲೇ ಇರುತ್ತದೆ. ಎಲ್ಲಿ ಸಿಕ್ಕಿಕೊಂಡಿದೆ ನೋಡೋಣವೆಂದು 'ಡಿಎಫ್' ಹೊಡೆದರೆ ಅದೂ ಹೋಗಿ ಪಕ್ಕದಲ್ಲಿ ಕೂರುತ್ತದೆ. ಇದೆಯೆಂದೇ ನಮಗೆ ಗೊತ್ತಿಲ್ಲದ ಕಂಪ್ಯೂಟರೊಂದು ಕೆಟ್ಟು ನಮ್ಮ ಕಂಪ್ಯೂಟರನ್ನು ನಿಲ್ಲಿಸಬಲ್ಲ ವ್ಯವಸ್ಥೆಯೇ ವಿತರಿತ ವ್ಯವಸ್ಥೆ ಎಂದು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1987ರಲ್ಲೇ ಬರೆದಿದ್ದರು.

ಈ ರಗಳೆಯೇ ಬೇಡವೆಂದು ಈಗ ದತ್ತಾಂಶವನ್ನು ಹಲವು ಯಂತ್ರಗಳಿಗೆ ಹಂಚಿಡುವ ಹಡೂಪ್ ತಂತ್ರಾಂಶ ತರುವ ಮಾತು ನಡೆದಿದೆ. ಅದರ ಕಡತ ವ್ಯವಸ್ಥೆಯಾದ ಎಚ್‌ಡಿಎಫ್‌ಎಸ್, ಸಾಮಾನ್ಯವಾಗಿ ಕಡತವನ್ನು 128 ಎಂಬಿಯ ತುಂಡುಗಳಾಗಿ ಒಡೆದು, ಒಂದೊಂದಕ್ಕೂ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತದೆ. ಯಂತ್ರ ಕೆಟ್ಟರೆ ಚಿಂತೆಯಿಲ್ಲ. ಆದರೆ ಕಸದ ಬುಟ್ಟಿಗೂ ಹಾಕದೆ ಅಳಿಸು ಎಂದರೆ ಮೂರನ್ನೂ ಅಷ್ಟೇ ವಿಧೇಯವಾಗಿ ಅಳಿಸುತ್ತದೆ. ಮೂರು ಪ್ರತಿಗಳಿರುವಾಗ ಬ್ಯಾಕಪ್ ಡಿಸ್ಕಿನ ಖರ್ಚೇಕೆ ಎಂದು ಮ್ಯಾನೇಜರ್ ಸಾಹೇಬರು ಟಿಪ್ಪಣಿ ಕಳಿಸಿದ್ದಾರೆ. ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.