ಆರನೆಯ ಬೆರಳಿಗೆ ಅಂಕವಿಲ್ಲ

ಬಳ್ಳಾರಿಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿರುವ ನನ್ನನ್ನು ಕಳೆದ ತಿಂಗಳು ಕಾಲೇಜೊಂದು ‘ಉದ್ಯಮ’ ಎಂದು ಗುರುತಿಸಿತು. ಡಿಸೈನ್ ಪದವಿಯ ಪಠ್ಯಕ್ರಮ ಪರಿಷ್ಕರಣೆಗೆ ಸಮಿತಿ ಮಾಡಿದ್ದರು. ಅದರಲ್ಲಿ ಉದ್ಯಮದ ಪ್ರತಿನಿಧಿಯೊಬ್ಬ ಇರಲೇಬೇಕಂತೆ. ಮದುವೆ ಪತ್ರಿಕೆ, ಬಿಲ್ ಬುಕ್, ವೈಕುಂಠ ಸಮಾರಾಧನೆಯ ಕಾರ್ಡು ಅಚ್ಚು ಹಾಕಿಕೊಂಡಿದ್ದವನು ಒಂದೇ ಪತ್ರದಲ್ಲಿ ಸೃಜನಶೀಲ ಉದ್ಯಮವಾಗಿಬಿಟ್ಟೆ. ಹೆಂಡತಿಗೆ ಹೇಳಿದರೆ, ‘ಹಳೆಯ ಬಾಕಿ ಕೇಳದಿರಲಿ ಎಂದು ಕರೆದಿರಬೇಕು’ ಎಂದಳು.

ಪತ್ರವನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕಳುಹಿಸಿದ್ದರು. ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ತಲೆಗೆ ಟೋಪಿ, ಕಾಲಿಗೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಪ್ರೆಸ್ಸಿನ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ತೆರೆದ ಮೇಲೆ ವಿಷಯ ತಿಳಿಯಿತು: ‘ಬದಲಾಗುತ್ತಿರುವ ಡಿಜಿಟಲ್ ಯುಗಕ್ಕೆ ತಕ್ಕಂತೆ ಪಠ್ಯಕ್ರಮವನ್ನು ನವೀಕರಿಸುವ ಕುರಿತು.’

ಸಭೆಯಲ್ಲಿ ಮೊದಲು ಒಗ್ಗರಣೆ, ಮಿರ್ಚಿ ಬಂದವು. ಆ ವಿಷಯದಲ್ಲಿ ನನ್ನ ತಕರಾರಿಲ್ಲ. ಆಮೇಲೆ ಹಳೆಯ ಪಠ್ಯಕ್ರಮದ ಪ್ರತಿಗಳು ಬಂದವು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂದಾಗ ಒಂದು, 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದಾಗ ಇನ್ನೊಂದು. ಎರಡನ್ನೂ ಅಚ್ಚು ಹಾಕಿದವನು ನಾನೇ. ರಕ್ಷಾಪುಟ ಬೇರೆ, ಮುನ್ನುಡಿ ಬೇರೆ. ಒಳಗೆ ಕಾಗುಣಿತದ ತಪ್ಪುಗಳೂ ಸೇರಿ ಎಲ್ಲವೂ ಅವೇ.

ಮೂರನೆಯ ಪತ್ರಿಕೆ ಪೇಜ್‌ಮೇಕರ್, ಅಚ್ಚಿಗೆ ಪುಟ ಜೋಡಿಸುವ ತಂತ್ರಾಂಶ. ಅದರ ಏಳನೆಯ ಮತ್ತು ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. 2004ರಲ್ಲಿ ಅಡೋಬಿ ಕಂಪನಿಯೇ ಅದಕ್ಕೆ ಎಳ್ಳುನೀರು ಬಿಟ್ಟಿತು. ಈಗ ಮೊದಲ ವರ್ಷದಲ್ಲಿ ಕುಳಿತಿರುವ ಮಕ್ಕಳು ಹುಟ್ಟಿದ್ದು ಅದರ ತಿಥಿ ಮುಗಿದ ಮೇಲೆ. ಐದನೆಯದು ಫ್ಲ್ಯಾಷ್ ಅನಿಮೇಶನ್. ಅದನ್ನು ಆಡಿಸುವ ಫ್ಲ್ಯಾಷ್ ಪ್ಲೇಯರಿನ ಉಸಿರು ನಿಂತದ್ದು 2020ರ ಡಿಸೆಂಬರ್ 31ಕ್ಕೆ. ಹೋದವರ ಬಗ್ಗೆ ಕೆಟ್ಟದ್ದು ಆಡಬಾರದೆಂದು ನಾನು ಮಿರ್ಚಿ ಕಡೆ ನೋಡಿದೆ.

‘ಈ ಸಲ ಕೃತಕ ಬುದ್ಧಿಮತ್ತೆ ತರಲೇಬೇಕು’ ಎಂದು ಅಧ್ಯಕ್ಷರು ಮೇಜು ಕುಟ್ಟಿದರು. ಎಲ್ಲರೂ ತಲೆಯಾಡಿಸಿದರು. ತೊಡಕು ಎದ್ದದ್ದು ಪ್ರಾಯೋಗಿಕ ಪರೀಕ್ಷೆಯಲ್ಲಿ. ಲ್ಯಾಬಿನಲ್ಲಿ ಇಂಟರ್ನೆಟ್ ಇಲ್ಲ. ಇತ್ತು, ಮಕ್ಕಳು ಬಳಸುತ್ತಾರೆ ಎಂಬ ಕಾರಣಕ್ಕೆ ತೆಗೆಸಿದ್ದಾರೆ. ಮೊಬೈಲನ್ನು ಗೇಟಿನಲ್ಲೇ ಕಸಿದುಕೊಳ್ಳುತ್ತಾರೆ. ಇಂಟರ್ನೆಟ್ಟೂ ಇಲ್ಲದೆ ಮೊಬೈಲೂ ಇಲ್ಲದೆ ಯಂತ್ರದಿಂದ ಚಿತ್ರ ಬರೆಸುವುದು ಹೇಗೆ? ಹಿರಿಯ ಮೇಡಂ ಒಬ್ಬರು ಸ್ವಲ್ಪವೂ ವಿಚಲಿತರಾಗದೆ ದಾರಿ ತೋರಿಸಿದರು. ‘ರೆಕಾರ್ಡ್ ಬುಕ್ ಇದೆಯಲ್ಲ ಸರ್.’

ನಮ್ಮ ವಿದ್ಯಾಭ್ಯಾಸ ನಿಂತಿರುವುದೇ ರೆಕಾರ್ಡ್ ಬುಕ್ಕಿನ ಮೇಲೆ. ಎಡಗಡೆ ಗೆರೆಯಿಲ್ಲದ ಬಿಳಿ ಪುಟ, ಬಲಗಡೆ ಗೆರೆ ಪುಟ. ಹೂವಿನ ಸೀಳುನೋಟದಿಂದ ಹಿಡಿದು ಓಮ್‌ನ ನಿಯಮದವರೆಗೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ ಪುಸ್ತಕಕ್ಕೆ ಕೃತಕ ಬುದ್ಧಿಮತ್ತೆ ಯಾವ ಲೆಕ್ಕ? ವಿದ್ಯಾರ್ಥಿ ಬಲಪುಟದಲ್ಲಿ ಯಂತ್ರಕ್ಕೆ ಕೊಡುವ ಆದೇಶವನ್ನು ನೀಲಿ ಶಾಯಿಯಲ್ಲಿ ದುಂಡಗೆ ಬರೆಯಬೇಕು. ಆ ಆದೇಶಕ್ಕೆ ಯಂತ್ರ ಯಾವ ಚಿತ್ರ ಕೊಡುತ್ತಿತ್ತೋ ಅದನ್ನು ಎಡಪುಟದಲ್ಲಿ ಎಚ್‌ಬಿ ಪೆನ್ಸಿಲಿನಿಂದ ತಾನೇ ಬಿಡಿಸಬೇಕು. ಕೆಳಗೆ ದಿನಾಂಕ, ಉಪನ್ಯಾಸಕರ ಸಹಿ. ಹತ್ತು ಪ್ರಯೋಗ ಕಡ್ಡಾಯ.

ಇದು ಆಗಲೇ ಪ್ರಾಯೋಗಿಕವಾಗಿ ಜಾರಿಯಲ್ಲಿದೆ ಎಂದು ಹೆಮ್ಮೆಯಿಂದ ಒಂದು ರೆಕಾರ್ಡ್ ತರಿಸಿ ತೋರಿಸಿದರು. ಬಲಪುಟದಲ್ಲಿ, ‘ತುಂಗಭದ್ರಾ ಕಾಲುವೆಯ ಪಕ್ಕ ಮೆಣಸಿನಕಾಯಿ ಬಿಡಿಸುತ್ತಿರುವ ಅಜ್ಜಿಯ ಚಿತ್ರ ಕೊಡು.’ ಎಡಪುಟದಲ್ಲಿ ಅಜ್ಜಿ. ನಿಜಕ್ಕೂ ಚೆಂದದ ಅಜ್ಜಿ, ಮುಖದ ಒಂದೊಂದು ಸುಕ್ಕನ್ನೂ ಹುಡುಗಿ ಪ್ರೀತಿಯಿಂದ ಎಳೆದಿದ್ದಳು. ಬಲಗೈಗೆ ಮಾತ್ರ ಆರು ಬೆರಳು. ಯಂತ್ರಗಳು ಹಾಗೆ ಎಡವುತ್ತಿದ್ದುದನ್ನು ಬಲ್ಲ ಜಾಣೆ ಬೇಕೆಂದೇ ಹಾಕಿದ್ದಳು. ಉಪನ್ಯಾಸಕರು ಅದರ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದು, ‘ಬೆರಳು ಐದು. ಗಮನವಿರಲಿ’ ಎಂದು ಬರೆದು ಅರ್ಧ ಅಂಕ ಕಳೆದಿದ್ದರು. ಇಡೀ ಕಾಲೇಜಿನಲ್ಲಿ ಆ ವಿಷಯ ಅರ್ಥವಾಗಿದ್ದ ಒಬ್ಬಳು, ಅದಕ್ಕಾಗಿಯೇ ಅರ್ಧ ಅಂಕ ಕಳೆದುಕೊಂಡಿದ್ದಳು.

ನನ್ನ ಸರದಿ ಬಂತು. ಬಾಯಿ ಬಿಡಬಾರದೆಂದುಕೊಂಡಿದ್ದೆ, ಬಿಟ್ಟೆ. ‘ಕನ್ನಡ ಅಕ್ಷರದ ಬಗ್ಗೆ ಒಂದು ಅಧ್ಯಾಯ ಇಡಿ. ನಿಮ್ಮ ಹುಡುಗರು ನನ್ನಲ್ಲಿಗೆ ಬಂದಾಗ ಇಂಗ್ಲಿಷ್ ಅಕ್ಷರದ ಬಗೆಗಳನ್ನು ಸೆರಿಫ್, ಸ್ಯಾನ್ಸ್ ಸೆರಿಫ್ ಎಂದು ಪಟಪಟ ಹೇಳುತ್ತಾರೆ. ತಲೆಕಟ್ಟು ಎಂದರೆ ಕಣ್ಣು ಬಿಡುತ್ತಾರೆ. ಫೋಟೋಶಾಪಿನಲ್ಲಿ ಭಾಷೆಯ ಸೆಟ್ಟಿಂಗ್ ಸರಿಯಿಲ್ಲದಿದ್ದರೆ ಯೂನಿಕೋಡ್ ಕನ್ನಡದ ಒತ್ತಕ್ಷರ ಕಳಚಿಕೊಂಡು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅದು ತಪ್ಪೆಂದೇ ಅವರಿಗೆ ಕಾಣುವುದಿಲ್ಲ. ಮೊನ್ನೆ ಒಬ್ಬ ಮೊಬೈಲಿನಲ್ಲೇ ಯಂತ್ರದಿಂದ ಪೋಸ್ಟರ್ ಮಾಡಿಸಿಕೊಂಡು ಬಂದಿದ್ದ. ಬಳ್ಳಾರಿಯ ‘ಳ್ಳಾ’ ಜಿಲೇಬಿ ಆಗಿತ್ತು. ಸುಂದರವಾದ ಜಿಲೇಬಿ, ಆದರೆ ಊರಲ್ಲ.’

ಅಧ್ಯಕ್ಷರು ನಕ್ಕರು. ‘ಒಳ್ಳೆಯ ಸಲಹೆ. ಆದರೆ ಕನ್ನಡ ಅಕ್ಷರ ಕನ್ನಡ ವಿಭಾಗದ ವ್ಯಾಪ್ತಿಗೆ ಬರುತ್ತದೆ.’ ಕನ್ನಡ ವಿಭಾಗದವರು, ಫಾಂಟು ಕಂಪ್ಯೂಟರ್ ವಿಭಾಗದ್ದು ಎಂದರು. ಕಂಪ್ಯೂಟರ್ ವಿಭಾಗದವರು ಸಭೆಗೆ ಬಂದಿರಲಿಲ್ಲ.

ಮುಂದಿನ ವಿಷಯ ಕೈಗಾರಿಕಾ ಭೇಟಿ. ಕೌಲ್ ಬಜಾರಿನ ಕಡೆ ಹೋದರೆ ಜೀನ್ಸ್ ಹೊಲಿಯುವ ಮನೆಗಳೇ ಸಿಗುತ್ತವೆ. ವ್ಯಾಪಾರಿಯೊಬ್ಬ ವಾಟ್ಸಾಪಿನಲ್ಲಿ ಫೋಟೋ ಕಳುಹಿಸಿ ‘ಇಂಥದ್ದು ಬೇಕು’ ಎಂದರೆ ಸಾಕು. ಕಟಿಂಗ್ ಮಾಸ್ತರ ಫೋಟೋ ನೋಡಿಯೇ ಜೇಬಿನ ಓರೆ, ತೊಡೆಯ ಅಗಲ ಲೆಕ್ಕ ಹಾಕಿ ಸಂಜೆಯೊಳಗೆ ಸ್ಯಾಂಪಲ್ ಇಳಿಸುತ್ತಾನೆ. ಅವನ ಹತ್ತಿರ ಡಿಸೈನ್ ಪದವಿ ಇಲ್ಲ, ಪುರುಸೊತ್ತೂ ಇಲ್ಲ. ಅಲ್ಲಿಗೆ ಹೋಗೋಣ ಎಂದೆ. ‘ಅಲ್ಲಿ ಬಸ್ ನಿಲ್ಲಿಸಲು ಜಾಗವಿಲ್ಲ’ ಎಂದರು. ಗೋವಾ ಎಂದು ನಿರ್ಣಯವಾಯಿತು. ಸೃಜನಶೀಲತೆಗೆ ಸಮುದ್ರ ಒಳ್ಳೆಯದಂತೆ.

ಕೊನೆಗೆ ಪೇಜ್‌ಮೇಕರ್ ತೆಗೆಯುವ ಪ್ರಶ್ನೆ. ಆಗ ಎಲ್ಲರೂ ನನ್ನ ಕಡೆ ತಿರುಗಿದರು. ‘ಉದ್ಯಮದಲ್ಲಿ ಇನ್ನೂ ಬಳಸುತ್ತಾರೆಯೇ?’ ನಾನು ಸುಳ್ಳು ಹೇಳಬಹುದಿತ್ತು. ಆದರೆ ನಮ್ಮ ಮದುವೆ ಪತ್ರಿಕೆಯ ಹಳೆಯ ಫೈಲುಗಳೆಲ್ಲ ಅದರಲ್ಲೇ ಇವೆ, ಹೆಸರು ಬದಲಿಸಿದರೆ ಕೆಲಸ ಮುಗಿಯುತ್ತದೆ. ‘ಬಳಸುತ್ತಾರೆ’ ಎಂದೆ. ‘ಯಾರು?’ ‘ನಾನು.’ ಅಧ್ಯಕ್ಷರ ಮುಖ ಅರಳಿತು. ನಡಾವಳಿಯಲ್ಲಿ ಹೀಗೆ ಬರೆಸಿದರು: ‘ಉದ್ಯಮದ ಪ್ರಸ್ತುತ ಬೇಡಿಕೆಯನ್ನು ಪರಿಗಣಿಸಿ ಮೂರನೆಯ ಪತ್ರಿಕೆಯನ್ನು ಮುಂದುವರಿಸಲಾಗಿದೆ.’ ಕೆಳಗೆ ನನ್ನ ಸಹಿ.

ಹೊಸ ಪಠ್ಯಕ್ರಮ ಅಚ್ಚು ಹಾಕುವ ಆರ್ಡರ್ ನನಗೇ ಸಿಕ್ಕಿತು. ಹಳೆಯ ಬಾಕಿಯ ಸುದ್ದಿ ಇಲ್ಲ. ಕೆಲಸ ಒಪ್ಪಿಸಿದ ದಿನ ಗುಮಾಸ್ತರು ಫೋನ್ ಮಾಡಿದರು: ‘ಪಿಡಿಎಫ್ ಬೇಡ ಸರ್, ಪೇಜ್‌ಮೇಕರ್ ಫೈಲನ್ನೇ ಕೊಡಿ. ಮುಂದಿನ ಸಲ ಇಸವಿ ತಿದ್ದಲು ಸುಲಭ.’