ಓಡಿಸೋ ಜೀಪಿಗಲ್ಲ, ನಿಲ್ಲಿಸೋ ಜೀಪಿಗೆ ಬ್ಯಾಟರಿ

ಮೂಡಿಗೆರೆ ಹತ್ತಿರ ನಮ್ಮ ಚಿಕ್ಕಪ್ಪನ ಕಾಫಿ ತೋಟದಲ್ಲಿ ಒಂದು ಹಳೇ ಮಹೀಂದ್ರ ಡೀಸೆಲ್ ಜೀಪ್ ಇದೆ. ಇಲ್ಲಿ ಅಮೆರಿಕದ ಮಿನೆಸೋಟದಲ್ಲಿ ನನ್ನ ಹತ್ತಿರ ಒಂದು ಜೀಪ್ ರ್ಯಾಂಗ್ಲರ್ ಇದೆ. ಎರಡೂ ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ವಂಶದವು, ದೂರದ ದಾಯಾದಿಗಳು ಅನ್ನಬಹುದು. ಎರಡೂ ವರ್ಷದ ಮುಕ್ಕಾಲು ಪಾಲು ಸುಮ್ನೆ ನಿಂತಿರುತ್ತವೆ. ಚಿಕ್ಕಪ್ಪ ಪಿಕಪ್ ತಗೊಂಡ ಮೇಲೆ ಜೀಪು ಹೊರಗೆ ಬರುವುದು ಕಾಫಿ ಕೊಯ್ಲಿನಲ್ಲಿ, ಇಲ್ಲವೇ ಪಿಕಪ್ ಹತ್ತದ ಏರಿದ್ದಾಗ. ನನ್ನದು ಬೇಸಿಗೆಯಲ್ಲಿ ನಾಲ್ಕೈದು ಸಲ ಉತ್ತರದ ಗಿಲ್ಬರ್ಟ್ ಊರಿಗೆ ಹೋಗುತ್ತದೆ. ಅಲ್ಲಿ ಹಳೇ ಕಬ್ಬಿಣದ ಗಣಿ ಜಾಗವನ್ನೇ ಆಫ್‌ರೋಡ್ ಓಡಾಟಕ್ಕೆ ಬಿಟ್ಟಿದ್ದಾರೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಶೆಡ್ಡಿನಲ್ಲೇ ವಾಸ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಚಾಸಿಸ್ ತಿಂದುಹಾಕುತ್ತದೆ, ಅದಕ್ಕೇ.

ಚಿಕ್ಕಪ್ಪನ ಬ್ಯಾಟರಿ ಆರು ವರ್ಷ ಬಂತು. ನನ್ನ ಮೊದಲನೆಯದು ಒಂದೇ ಚಳಿಗಾಲಕ್ಕೆ ಹೋಯಿತು.

ತಪ್ಪು ನನ್ನದೇ. ಅಂಗಡಿಗೆ ಹೋಗಿ, ಯಾವುದರ ಮೇಲೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್ ಅನ್ನುವ ಸಂಖ್ಯೆ ಎಲ್ಲಕ್ಕಿಂತ ದೊಡ್ಡದಿತ್ತೋ ಅದನ್ನು ತಂದೆ. ಆ ಸಂಖ್ಯೆಗೆ ಅರ್ಥವಿದೆ. ಮೈನಸ್ 18 ಡಿಗ್ರಿಯಲ್ಲಿ, 7.2 ವೋಲ್ಟ್‌ಗಿಂತ ಕೆಳಗೆ ಇಳಿಯದೆ 30 ಸೆಕೆಂಡು ಎಷ್ಟು ಕರೆಂಟ್ ಕೊಡಬಲ್ಲದು ಅನ್ನುವ ಲೆಕ್ಕ ಅದು. ಆದರೆ ಅದು ಹೊಸದಾಗಿ, ಫುಲ್ ಚಾರ್ಜ್ ಆಗಿರುವ ಬ್ಯಾಟರಿಯ ಮಾತು. ಐದು ತಿಂಗಳು ಯಾರೂ ಮುಟ್ಟದೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ.

ಆಮೇಲೆ ಮಲ್ಟಿಮೀಟರ್ ಹಿಡಿದು ನೋಡಿದೆ. ಕೀ ತೆಗೆದು, ಬಾಗಿಲು ಹಾಕಿ, ಎಲ್ಲ ತಣ್ಣಗಾದ ಮೇಲೂ ನನ್ನ ಗಾಡಿ ಸುಮಾರು 30 ಮಿಲಿಆಂಪ್ ಎಳೆಯುತ್ತಿತ್ತು. ಅಲಾರ್ಮ್, ರೇಡಿಯೊದ ನೆನಪು, ಕಂಪ್ಯೂಟರ್, ಎಲ್ಲ ಅರೆನಿದ್ದೆಯಲ್ಲಿರುತ್ತವೆ. ಇವತ್ತಿನ ಗಾಡಿಗಳಿಗೆ ಇದು ಮಾಮೂಲಿ. ಬ್ಯಾಟರಿಯ ಚಾರ್ಜ್ ಅಳೆಯುವ ಲೆಕ್ಕದಲ್ಲಿ ಇದು ದಿನಕ್ಕೆ 0.7 ಆಂಪಿಯರ್-ಅವರ್, 150 ದಿನಕ್ಕೆ ನೂರರ ಮೇಲೆ. ಬ್ಯಾಟರಿಯಲ್ಲಿ ಇದ್ದದ್ದೇ 70. ಫೆಬ್ರವರಿ ಹೊತ್ತಿಗೆ ಖಾಲಿ. ಖಾಲಿ ಬ್ಯಾಟರಿಯ ಆಸಿಡ್ ಹೆಚ್ಚುಕಮ್ಮಿ ನೀರಿನ ಹಾಗೆ. ಫುಲ್ ಚಾರ್ಜ್ ಇದ್ದರೆ ಮೈನಸ್ 50 ಡಿಗ್ರಿ ದಾಟಿದರೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದರೆ ಮೈನಸ್ ಏಳೆಂಟಕ್ಕೇ ಮಂಜುಗಡ್ಡೆ. ಇಲ್ಲಿ ರಾತ್ರಿ ಮೈನಸ್ 25 ಅನ್ನುವುದು ಯಾರೂ ಸುದ್ದಿ ಮಾಡುವ ವಿಷಯವಲ್ಲ. ಮಾರ್ಚ್‌ನಲ್ಲಿ ಬಾನೆಟ್ ಎತ್ತಿದರೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಜಂಪರ್ ಕೇಬಲ್ ಹಿಡಿದು ಬಂದ ಪಕ್ಕದ ಮನೆಯ ಅಜ್ಜ ಒಂದು ಸಲ ನೋಡಿ, ಕೇಬಲ್ ಸುತ್ತಿಕೊಂಡು ವಾಪಸ್ ಹೊರಟ. ಹೆಪ್ಪುಗಟ್ಟಿದ ಬ್ಯಾಟರಿಗೆ ಕರೆಂಟ್ ಕೊಟ್ಟರೆ ಸಿಡಿಯಬಹುದು ಅಂತ ಅವನಿಂದ ಕಲಿತೆ.

ಚಿಕ್ಕಪ್ಪನಿಗೆ ಫೋನ್‌ನಲ್ಲಿ ಹೇಳಿದೆ. "ನೆಗೆಟಿವ್ ಬಿಚ್ಚಿ ಇಡ್ಲಿಲ್ವೇನೋ?" ಅಂದರು. ಅಷ್ಟೇ.

ಅವರ ಕ್ರಮ ಅದೇ. ಮಳೆ ಹಿಡಿಯುವ ಮುಂಚೆ ನೆಗೆಟಿವ್ ಟರ್ಮಿನಲ್ ಬಿಚ್ಚುತ್ತಾರೆ. ಮಲೆನಾಡಿನ ತೇವಕ್ಕೆ ಟರ್ಮಿನಲ್ ಮೇಲೆ ಬಿಳಿ-ಹಸಿರು ಬೂಷ್ಟು ಬಂದಿರುತ್ತದೆ. ಅಡುಗೆ ಸೋಡಾ ಕದಡಿದ ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ವ್ಯಾಸಲಿನ್ ಸವರುತ್ತಾರೆ. ತಿಂಗಳಿಗೊಮ್ಮೆ ಬ್ಯಾಟರಿಯ ಆರೂ ಸೆಲ್‌ಗಳ ಮುಚ್ಚಳ ತೆಗೆದು ನೀರಿನ ಮಟ್ಟ ನೋಡುತ್ತಾರೆ, ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕುತ್ತಾರೆ. ಬಾವಿ ನೀರು ಹಾಕಿದ ಆಳಿಗೆ ಬೈದದ್ದು ಇನ್ನೂ ನೆನಪಿದೆ. ಮಳೆಗಾಲದ ನಡುವೆ ಒಂದು ಸಲ ಬ್ಯಾಟರಿ ಪೇಟೆಗೆ ಹೋಗಿ, ಸ್ಲೋ ಚಾರ್ಜ್ ಆಗಿ, ಗ್ರಾವಿಟಿ, ಅಂದರೆ ಆಸಿಡ್ ಎಷ್ಟು ಗಟ್ಟಿಯಿದೆ ಅಂತ, ನೋಡಿಸಿಕೊಂಡು ಬರುತ್ತದೆ. ಜೀಪು ನಿಲ್ಲುವುದು ಇಳಿಜಾರಿನಲ್ಲಿ. ಸೆಲ್ಫ್ ಹೊಡೆಯದಿದ್ದರೆ ಬ್ರೇಕ್ ಬಿಟ್ಟು, ಸೆಕೆಂಡ್ ಗೇರ್‌ಗೆ ಹಾಕಿ ಕ್ಲಚ್ ಬಿಟ್ಟರಾಯಿತು. ಹಳೇ ಡೀಸೆಲ್, ಕಂಪ್ಯೂಟರ್ ಇಲ್ಲ. ನನ್ನ ಆಟೊಮ್ಯಾಟಿಕ್ ಗಾಡಿಯನ್ನು ಊರೆಲ್ಲ ಸೇರಿ ತಳ್ಳಿದರೂ ಅದು ಸ್ಟಾರ್ಟ್ ಆಗುವುದಿಲ್ಲ.

ಇಲ್ಲಿನವರ ದಾರಿ ಬೇರೆ. ಮೇಂಟೇನರ್ ಅಂತ ಒಂದು ಪುಟ್ಟ ಚಾರ್ಜರ್ ಸಿಕ್ಕಿಸಿ, ಗೋಡೆಯ ಪ್ಲಗ್‌ಗೆ ಹಾಕಿ ಮರೆತುಬಿಡುತ್ತಾರೆ. ಫುಲ್ ಆದ ಮೇಲೆ ಅದು ತಾನೇ 13.5 ವೋಲ್ಟ್‌ನ ಆಸುಪಾಸಿಗೆ ಇಳಿದು ಕಾಯುತ್ತಾ ಕೂರುತ್ತದೆ. ಹಳೇ ಕಾಲದ ಟ್ರಿಕಲ್ ಚಾರ್ಜರ್ ಹಾಗೆ ಒಂದೇ ಸಮ ತಳ್ಳಿ ಆಸಿಡ್ ಕುದಿಸುವುದಿಲ್ಲ. ನನಗೆ ಇದು ಇಷ್ಟವೇ, ಎರಡನೇ ವರ್ಷದಿಂದ ನಾನೂ ಹಾಗೇ ಮಾಡುತ್ತಿದ್ದೇನೆ. ಆದರೆ ಮರೆಯುವುದು ಅಭ್ಯಾಸವಾಗಿಬಿಡುತ್ತದೆ. ಟರ್ಮಿನಲ್ ಸಡಿಲವಾಗಿದೆಯಾ, ಬ್ಯಾಟರಿ ಹಿಡಿದಿರುವ ಕ್ಲಾಂಪ್ ಅಲ್ಲಾಡುತ್ತಿದೆಯಾ, ಯಾರೂ ಬಗ್ಗಿ ನೋಡುವುದಿಲ್ಲ. ಕಲ್ಲುದಾರಿಯಲ್ಲಿ ಕುಣಿಯುವ ಬ್ಯಾಟರಿಯ ಪ್ಲೇಟುಗಳು ಒಳಗೇ ಉದುರುತ್ತವೆ. ಆಗ ಯಾವ ಮೇಂಟೇನರ್ ಇದ್ದೂ ಪ್ರಯೋಜನವಿಲ್ಲ.

ಹಾಗಂತ ಚಿಕ್ಕಪ್ಪನದ್ದೆಲ್ಲ ಸರಿ ಅಂತ ನಾನು ಒಪ್ಪುವುದಿಲ್ಲ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಪ್ರತಿ ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಾರಲ್ಲ, ಅದು ಬ್ಯಾಟರಿಗೆ ಉಪಕಾರವಲ್ಲ. ಡೀಸೆಲ್ ಎಂಜಿನ್ ತಿರುಗಿಸಲು ತೆಗೆದದ್ದನ್ನು ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರ್ ಐದು ನಿಮಿಷಕ್ಕೆ ಕಷ್ಟಪಟ್ಟು ವಾಪಸ್ ತುಂಬಬಹುದು, ಅದಕ್ಕಿಂತ ಹೆಚ್ಚೇನಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲ್‌ನಲ್ಲಿ ನೀರಂಶ ಬೇರೆ ಸೇರುತ್ತದೆ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲದಿದ್ದರೆ ಮುಟ್ಟಬೇಡಿ ಅಂತ ನಾನು ಹೇಳುತ್ತಲೇ ಇದ್ದೇನೆ. ಅವರು ಕೇಳುತ್ತಲೇ ಇಲ್ಲ.

ತಮಾಷೆ ಅಂದರೆ, ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಡಬಾರದು ಅಂತ ಚಿಕ್ಕಪ್ಪ ಹಲಗೆ ಹಾಕುತ್ತಾರೆ, ಪಕ್ಕದ ಮನೆಯ ಅಜ್ಜನೂ ಹಲಗೆ ಹಾಕುತ್ತಾನೆ. ಹಿಂದೆ ಮರದ, ರಬ್ಬರಿನ ಡಬ್ಬಿಗಳಿದ್ದಾಗ ಅದಕ್ಕೆ ಕಾರಣವಿತ್ತು. ಈಗಿನ ಪ್ಲಾಸ್ಟಿಕ್‌ಗೆ ನೆಲ ಯಾವುದಾದರೇನು?

ಇನ್ನು ಯಾವ ಬ್ಯಾಟರಿ ಅನ್ನುವ ಪ್ರಶ್ನೆ. ಗಾಡಿ ಹೇಗೆ ಓಡುತ್ತದೆ ಅನ್ನುವುದಕ್ಕಿಂತ ಎಲ್ಲಿ, ಹೇಗೆ ನಿಂತಿರುತ್ತದೆ ಅಂತ ಮೊದಲು ನೋಡಬೇಕು. ನಾನು ಈಗ ಹಾಕಿರುವುದು ಎಜಿಎಂ, ಅಂದರೆ ಆಸಿಡ್ಡನ್ನು ಗಾಜಿನ ನಾರಿನ ಪದರ ಹೀರಿ ಹಿಡಿದಿರುವ ಸೀಲ್ ಮಾಡಿದ ಬ್ಯಾಟರಿ. ಗಾಡಿ ವಾಲಿದರೂ ಆಸಿಡ್ ಚೆಲ್ಲುವುದಿಲ್ಲ, ಕುಲುಕಾಟ ತಡೆಯುತ್ತದೆ, ತಾನಾಗಿ ಇಳಿಯುವುದು ತಿಂಗಳಿಗೆ ಶೇಕಡ 1ರಿಂದ 3 ಅಷ್ಟೇ. ಇದೆಲ್ಲ ಕೇಳಿ ಚಿಕ್ಕಪ್ಪ "ನಂಗೂ ಅದೇ ಹಾಕ್ಸಲಾ?" ಅಂದರು. ಬೇಡ ಅಂದೆ. ಎಜಿಎಂಗೆ ನೀರು ಹಾಕುವ ಮುಚ್ಚಳವೇ ಇಲ್ಲ. ಪೇಟೆಯ ಅಂಗಡಿಯ ಹಳೇ ಚಾರ್ಜರ್‌ಗೆ ವೋಲ್ಟೇಜಿನ ಹಿಡಿತವಿಲ್ಲ. ರಾತ್ರಿಯಿಡೀ ಜಾಸ್ತಿ ತುಂಬಿ ಒಳಗಿನ ನೀರು ಒಣಗಿದರೆ ಮತ್ತೆ ಬರುವುದಿಲ್ಲ. ಅವರ ಮುಚ್ಚಳದ ಬ್ಯಾಟರಿಯಾದರೆ ಯಾವ ಸೆಲ್ ಕೆಟ್ಟು ಕೂತಿದೆ ಅಂತ ಗ್ರಾವಿಟಿ ನೋಡಿಯೇ ಹೇಳಬಹುದು. ಲಿಥಿಯಂ ಹಗುರ, ತಾನಾಗಿ ಇಳಿಯುವುದೂ ಕಡಿಮೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಮಿನೆಸೋಟದಲ್ಲಿ ಅದನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಯಾವುದೇ ತಗೊಂಡರೂ ತಯಾರಾದ ದಿನಾಂಕ ನೋಡಿ, ಮೀಟರ್ ಹಿಡಿಸಿ. ಮುಚ್ಚಳದ ಬ್ಯಾಟರಿಯಾದರೆ 12.6 ವೋಲ್ಟ್ ಇರಬೇಕು, ಎಜಿಎಂ ಆದರೆ 12.8ರ ಆಸುಪಾಸು. ಮುಚ್ಚಳದ್ದರಲ್ಲಿ 12.4 ಅಂದರೆ ಅಂಗಡಿಯಲ್ಲೇ ಕಾಲು ಭಾಗ ಖಾಲಿ. ಅರೆಖಾಲಿಯಾಗಿ ಕೂತಷ್ಟೂ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ.

ಮತ್ತೆ ಈ ಚಳಿಯ ಭಯ. ಫುಲ್ ಚಾರ್ಜ್ ಮಾಡಿ ನೆಗೆಟಿವ್ ಬಿಚ್ಚಿಟ್ಟರೆ ನಮ್ಮ ಮೈನಸ್ 25 ಬ್ಯಾಟರಿಗೆ ಒಳ್ಳೆಯ ನಿದ್ದೆ, ಒಳಗಿನ ಚಾರ್ಜ್ ಸೋರಿಕೆ ಹೆಚ್ಚುಕಮ್ಮಿ ನಿಂತೇಹೋಗುತ್ತದೆ. ನಿಜವಾದ ಶತ್ರು ಸೆಖೆ. ಹತ್ತು ಡಿಗ್ರಿ ಏರಿದರೆ ಸೋರಿಕೆ ಸುಮಾರು ಎರಡರಷ್ಟು. ಕಲಬುರಗಿಯ ಮೇ ತಿಂಗಳಲ್ಲಿ ಗಾಡಿ ನಿಲ್ಲಿಸಿಟ್ಟವರ ಪಾಡು ನೆನೆದರೆ ನನ್ನದು ಏನೂ ಅಲ್ಲ.

ಮೊನ್ನೆ ಚಿಕ್ಕಪ್ಪ ಕೇಳಿದರು, "ಬರುವಾಗ ಆ ಮೇಂಟೇನರ್ ಒಂದು ತರ್ತೀಯಾ?" ನನ್ನದು 120 ವೋಲ್ಟ್‌ನದು, ಊರಿನ 230ಕ್ಕೆ ಹಾಕಿದರೆ ಸುಟ್ಟುಹೋಗುತ್ತದೆ, ಅಲ್ಲೇ ಸಿಗುವುದನ್ನು ಕೊಡಿಸುತ್ತೇನೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಅವರೇ ಅಂದರು: "ಆಷಾಢದಾಗೆ ಕರೆಂಟ್ ಇದ್ರೆ ತಾನೆ ಅದು ಚಾರ್ಜ್ ಮಾಡೋದು? ಬಿಡು, ನಾನು ಬಿಚ್ಚಿಯೇ ಇಡ್ತೀನಿ."